ಬೆಳ್ಳಿ ಪ್ರಿಂಟೋ, ಇಂಕ್ ಪ್ರಿಂಟೋ: ಫೋಟೋ ಕೊಳ್ಳುವವರಿಗೆ ಒಂದು ವಿಮರ್ಶೆ

ಡಾರ್ಕ್‌ರೂಮಿನಲ್ಲಿ ಮಾಡಿದ ಪ್ರಿಂಟಿಗೆ ಬೆಲೆ ಜಾಸ್ತಿ, ಇಂಕ್‌ಜೆಟ್ಟಿನಿಂದ ಬಂದದ್ದಕ್ಕೆ ಕಡಿಮೆ ಎಂಬ ಮಾತು ಫೋಟೋ ಸಂಗ್ರಹಿಸುವವರ ನಡುವೆ ಬಹಳ ವರ್ಷಗಳಿಂದ ಓಡಾಡುತ್ತಿದೆ. ಮಾರುವವರಲ್ಲಿ ಕೆಲವರು ಇದೇ ಮಾತನ್ನು ಮುಂದಿಟ್ಟು ಬೆಳ್ಳಿ ಪ್ರಿಂಟಿನ ಬೆಲೆ ಏರಿಸುತ್ತಾರೆ. ಇನ್ನು ಕೆಲವರು ಇಂಕ್‌ಜೆಟ್ ಎಂಬ ಪದವನ್ನೇ ಬಾಯಿಬಿಡದೆ ಅದಕ್ಕೊಂದು ಚಂದದ ಫ್ರೆಂಚ್ ಹೆಸರಿಟ್ಟು ಮಾರುತ್ತಾರೆ. ಕೊಳ್ಳುವವರಿಗೆ ಎರಡರಿಂದಲೂ ನಷ್ಟವೇ. ಆದ್ದರಿಂದ ಮಾರುಕಟ್ಟೆಯಲ್ಲಿ ಹೆಚ್ಚಾಗಿ ಸಿಗುವ ನಾಲ್ಕು ಬಗೆಯ ಪ್ರಿಂಟುಗಳನ್ನು ಇಲ್ಲಿ ಸರಕಿನ ಹಾಗೆಯೇ ತೆಗೆದುಕೊಂಡು ನೋಡಿದ್ದೇವೆ: ಜೆಲಾಟಿನ್ ಸಿಲ್ವರ್ (ಬೆಳ್ಳಿ ಪ್ರಿಂಟ್ ಎಂದರೆ ಇದೇ), ಪ್ಲಾಟಿನಂ, ಸಿ-ಪ್ರಿಂಟ್ (ಬಣ್ಣದ ಫೋಟೋ ಕಾಗದದ ಪ್ರಿಂಟ್), ಪಿಗ್ಮೆಂಟ್ ಇಂಕ್‌ಜೆಟ್. ಪ್ರತಿಯೊಂದಕ್ಕೂ ಮಾರುಕಟ್ಟೆ ಯಾವ ಕಾರಣಕ್ಕೆ ಹಣ ಕೊಡುತ್ತದೆ, ಯಾವುದು ಎಲ್ಲಿ ಕೆಡುತ್ತದೆ, ಕೊಳ್ಳುವ ಮೊದಲು ಏನನ್ನು ಪರೀಕ್ಷಿಸಬೇಕು ಎಂಬುದೇ ವಿಷಯ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಬೆಲೆ ನಿಂತಿರುವುದು ಬೆಳ್ಳಿಯ ಮೇಲೂ ಅಲ್ಲ, ಶಾಯಿಯ ಮೇಲೂ ಅಲ್ಲ. ಒಟ್ಟು ಎಷ್ಟು ಪ್ರತಿಗಳಿವೆ, ಆ ಲೆಕ್ಕವನ್ನು ನಂಬಬಹುದೇ, ಚಿತ್ರ ತೆಗೆದ ಎಷ್ಟು ಕಾಲದ ಮೇಲೆ ಪ್ರಿಂಟ್ ಹಾಕಲಾಯಿತು, ಕಲಾವಿದರು ಅದನ್ನು ಕಣ್ಣಾರೆ ಕಂಡು ಒಪ್ಪಿದ್ದಾರೆಯೇ, ಈಗ ಅದರ ಸ್ಥಿತಿ ಹೇಗಿದೆ, ಇವು ಬೆಲೆಯನ್ನು ಕಟ್ಟುತ್ತವೆ. ಡಿಜಿಟಲ್ ಪ್ರಿಂಟ್ ಸೋಲುವ ಕಡೆಯಲ್ಲೆಲ್ಲ ಸೋಲುವುದು ಮೊದಲ ಎರಡು ಪ್ರಶ್ನೆಗಳಲ್ಲಿ.

ಹರಾಜಿನ ದಾಖಲೆಗಳೇ ಇದಕ್ಕೆ ಸಾಕ್ಷಿ. 2022ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್‌ನಲ್ಲಿ ಮ್ಯಾನ್ ರೇಯ 'ಲ ವಿಯೋಲೋಂ ದ್ಯಾಂಗ್ರ್' 1.24 ಕೋಟಿ ಡಾಲರಿಗೆ ಹೋಯಿತು. ಅದು 1924ರ ಮೂಲ ಜೆಲಾಟಿನ್ ಸಿಲ್ವರ್ ಪ್ರಿಂಟ್. ಅದೇ ಚಿತ್ರದಿಂದ ದಶಕಗಳ ನಂತರ ಮಾಡಿದ ಪ್ರತಿಗಳೂ ಬೆಳ್ಳಿಯವೇ, ಆದರೆ ಅವು ಈ ಮೊತ್ತದ ಹತ್ತಿರಕ್ಕೂ ಸುಳಿಯುವುದಿಲ್ಲ. ಅದೇ ವರ್ಷ ನವೆಂಬರಿನಲ್ಲಿ ಎಡ್ವರ್ಡ್ ಸ್ಟೈಕನ್‌ನ 'ದಿ ಫ್ಲಾಟಿರಾನ್' 1.18 ಕೋಟಿ ಡಾಲರು ದಾಟಿತು. ಪ್ಲಾಟಿನಂ ಪ್ರಿಂಟಿನ ಮೇಲೆ ಗಮ್ ಬೈಕ್ರೋಮೇಟ್ ಬಣ್ಣದ ಪದರ ಕೊಟ್ಟು ಮಾಡಿದ ಚಿತ್ರ ಅದು. ಮೆಟ್ರೋಪಾಲಿಟನ್ ಮ್ಯೂಸಿಯಂನಲ್ಲಿರುವ ಅದರ ಬೇರೆ ಪ್ರತಿಗಳ ವರ್ಣಛಾಯೆ ಒಂದಕ್ಕಿಂತ ಒಂದು ಭಿನ್ನ. ಇನ್ನೊಂದು ತುದಿಗೆ ಆಂಡ್ರಿಯಾಸ್ ಗುರ್ಸ್ಕಿಯ 'ರೈನ್ 2' ಇದೆ. 1999ರ ಈ ಚಿತ್ರದಲ್ಲಿ ದಡದಲ್ಲಿದ್ದ ಕಟ್ಟಡ, ಓಡಾಡುವ ಜನ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಅಳಿಸಲಾಗಿದೆ. 2011ರ ನವೆಂಬರಿನಲ್ಲಿ ಅದು 43 ಲಕ್ಷ ಡಾಲರಿಗೆ ಮಾರಾಟವಾಗಿ, ಆ ಹೊತ್ತಿಗೆ ಹರಾಜಿನಲ್ಲಿ ಅತಿ ಹೆಚ್ಚು ಬೆಲೆ ಪಡೆದ ಫೋಟೋ ಎನಿಸಿತು. ಅದರ ಎಡಿಷನ್, ಅಂದರೆ ಇಷ್ಟೇ ಪ್ರಿಂಟ್ ಹಾಕುತ್ತೇವೆಂದು ನಿಗದಿ ಮಾಡಿದ ಲೆಕ್ಕ, 6 ಪ್ರತಿಗಳದ್ದು. ಡಿಜಿಟಲ್ ಕೈಚಳಕ ಬೆಲೆಯನ್ನು ಇಳಿಸುವುದೇ ಆಗಿದ್ದರೆ ಈ ಮಾರಾಟ ನಡೆಯಲು ಸಾಧ್ಯವಿರಲಿಲ್ಲ.

ಜೆಲಾಟಿನ್ ಸಿಲ್ವರ್

ಕಪ್ಪುಬಿಳುಪು ಫೋಟೋಗಳಲ್ಲಿ ಮಾರುಕಟ್ಟೆಗೆ ಅತ್ಯಂತ ಪರಿಚಿತವಾದ, ಮರುಮಾರಾಟಕ್ಕೆ ಅತ್ಯಂತ ಸಲೀಸಾದ ಸರಕು ಇದು. ಕೆಳಗೆ ಕಾಗದ, ಅದರ ಮೇಲೆ ಬರೈಟಾ ಎಂದು ಕರೆಯುವ ಬೇರಿಯಂ ಸಲ್ಫೇಟ್ ಪದರ, ಅದರ ಮೇಲೆ ಬೆಳ್ಳಿಯ ಕಣಗಳನ್ನು ಹಿಡಿದಿಟ್ಟ ಜೆಲಾಟಿನ್. ಕಪ್ಪು ಆಳವಾಗಿ ಕಾಣುವುದಕ್ಕೂ ಬಿಳುಪು ಹೊಳೆಯುವುದಕ್ಕೂ ಈ ಪದರಗಳೇ ಕಾರಣ. ಕೊಳ್ಳುವಾಗ ಫೈಬರ್ ಬೇಸ್ ಎಂದಿರಬೇಕು. ಕಾಗದದ ಎರಡೂ ಬದಿಗೆ ಪ್ಲಾಸ್ಟಿಕ್ ಲೇಪಿಸಿದ ಆರ್‌ಸಿ ಕಾಗದದ ಪ್ರಿಂಟನ್ನು ಸಂಗ್ರಾಹಕರು ಸಾಮಾನ್ಯವಾಗಿ ದೂರವಿಡುತ್ತಾರೆ, ಬೆಲೆಯೂ ಹಾಗೆಯೇ ಇಳಿಯುತ್ತದೆ. ಬೆರಳಿನಿಂದ ಮುಟ್ಟದೆಯೇ ಗುರುತಿಸಬಹುದು: ಆರ್‌ಸಿ ಹಾಳೆ ಚಪ್ಪಟೆಯಾಗಿ, ಅಂಚು ನುಣುಪಾಗಿ ಇರುತ್ತದೆ. ಫೈಬರ್ ಹಾಳೆ ಸ್ವಲ್ಪವಾದರೂ ಬಾಗಿರುತ್ತದೆ, ಹಿಂಬದಿ ಬರಿಯ ಕಾಗದದಂತೆಯೇ ಇರುತ್ತದೆ.

ಇದು ಎಷ್ಟು ಕಾಲ ಬಾಳುತ್ತದೆ ಎಂಬುದು ತೊಳೆದವರ ಶ್ರದ್ಧೆಗೆ ಬಿಟ್ಟದ್ದು. ಎರಡು ತೊಟ್ಟಿ ಫಿಕ್ಸರ್ (ಚಿತ್ರವಾಗದೆ ಉಳಿದ ಬೆಳ್ಳಿ ಲವಣವನ್ನು ತೆಗೆಯುವ ದ್ರಾವಣ), ಅದರ ನಂತರ ಫಿಕ್ಸರ್ ತೊಳೆದುಹೋಗಲು ನೆರವಾಗುವ ವಾಷ್-ಏಡ್, ಆಮೇಲೆ ಹರಿಯುವ ನೀರಿನಲ್ಲಿ ಸಾಕಷ್ಟು ಹೊತ್ತು ತೊಳೆತ, ಸಾಧ್ಯವಾದರೆ ಬೆಳ್ಳಿಗೆ ರಕ್ಷಣೆ ಕೊಡುವ ಸೆಲೆನಿಯಂ ಟೋನಿಂಗ್, ಇಷ್ಟು ಆಗಿದ್ದರೆ ನೂರು ವರ್ಷ ದಾಟುವುದರಲ್ಲಿ ಆಶ್ಚರ್ಯವಿಲ್ಲ. ಒಂದೇ ಫಿಕ್ಸರನ್ನು ಅತಿಯಾಗಿ ಬಳಸಿದ್ದರೆ ಅಥವಾ ತೊಳೆಯುವಾಗ ಆತುರಪಟ್ಟಿದ್ದರೆ ಕಾಗದದಲ್ಲಿ ಉಳಿದ ಫಿಕ್ಸರಿನ ಥಯೋಸಲ್ಫೇಟ್ ವರ್ಷಗಳ ಮೇಲೆ ಬೆಳ್ಳಿಯನ್ನು ತಿನ್ನುತ್ತದೆ. ತೆಳುಬೂದು ಭಾಗಗಳು ಹಳದಿ, ಕಂದು ಬಣ್ಣಕ್ಕೆ ತಿರುಗುವುದು ಅದರ ಮೊದಲ ಸೂಚನೆ. ಇನ್ನೊಂದು ದೋಷ ಅಂಚಿನಲ್ಲಿ ಕಾಣುವ ನೀಲಿ-ಬೆಳ್ಳಿ ಮಿನುಗು. ಗಾಳಿಯಲ್ಲಿನ ಆಕ್ಸಿಡೀಕಾರಕ ಅನಿಲಗಳು ಬೆಳ್ಳಿಯನ್ನು ಕರಗಿಸಿ ಮೇಲ್ಮೈಗೆ ತಂದಾಗ ಹೀಗಾಗುತ್ತದೆ. ದೀಪವನ್ನು ಓರೆಯಾಗಿ ಹಿಡಿದು ಪ್ರಿಂಟಿನ ಕಪ್ಪು ಮೂಲೆಗಳನ್ನು ನೋಡಿದರೆ ಅದು ತಕ್ಷಣ ಕಣ್ಣಿಗೆ ಬೀಳುತ್ತದೆ. ಹಳೆಯ ಪ್ರಿಂಟಿನಲ್ಲಿ ಸ್ವಲ್ಪ ಮಿನುಗು ಇದ್ದರೆ ಮಾರುಕಟ್ಟೆ ಕ್ಷಮಿಸುತ್ತದೆ, ವಯಸ್ಸಿನ ಗುರುತು ಎಂದು ಕೆಲವರು ಇಷ್ಟಪಡುವುದೂ ಉಂಟು. ಹಳದಿ ಕಲೆಯನ್ನು ಮಾತ್ರ ಯಾರೂ ಕ್ಷಮಿಸುವುದಿಲ್ಲ.

ಬೆಲೆಯಲ್ಲಿ ದೊಡ್ಡ ಬಿರುಕು ಬೀಳುವುದು ವಿಂಟೇಜ್ ಮತ್ತು ನಂತರದ ಪ್ರಿಂಟುಗಳ ನಡುವೆ. ಚಿತ್ರ ತೆಗೆದ ಕೆಲವೇ ವರ್ಷಗಳೊಳಗೆ ಹಾಕಿದ ಪ್ರಿಂಟನ್ನು ವಿಂಟೇಜ್ ಎನ್ನುತ್ತಾರೆ; ಆ 'ಕೆಲವೇ' ಎಂದರೆ ಎಷ್ಟು ಎಂಬುದಕ್ಕೆ ಎಲ್ಲರೂ ಒಪ್ಪಿದ ಗಡುವಿಲ್ಲ, ಐದು ವರ್ಷವೆಂದು ಹಲವರು ಹಿಡಿಯುತ್ತಾರೆ. ಆನ್ಸೆಲ್ ಆಡಮ್ಸ್‌ನ 'ಮೂನ್‌ರೈಸ್, ಹರ್ನಾಂಡೆಜ್' ಇದಕ್ಕೆ ಒಳ್ಳೆಯ ಉದಾಹರಣೆ. 1941ರಲ್ಲಿ ತೆಗೆದ ಆ ನೆಗೆಟಿವ್‌ನಿಂದ ಆಡಮ್ಸ್ ತನ್ನ ಜೀವಮಾನದಲ್ಲಿ ಸಾವಿರಕ್ಕೂ ಹೆಚ್ಚು ಪ್ರಿಂಟ್ ಹಾಕಿದ. 1948ರಲ್ಲಿ ಆ ನೆಗೆಟಿವಿನ ಮುನ್ನೆಲೆಯ ಭಾಗವನ್ನು ರಾಸಾಯನಿಕದಿಂದ ಗಾಢಗೊಳಿಸಿದ. ಮೊದಲ ಪ್ರಿಂಟುಗಳಲ್ಲಿ ಆಕಾಶ ಬೂದಾಗಿ, ತೆಳುಮೋಡಗಳೊಂದಿಗೆ ಇದೆ. ಕೊನೆಯ ದಶಕಗಳವುಗಳಲ್ಲಿ ಅದು ಹೆಚ್ಚುಕಡಿಮೆ ಕಡುಗಪ್ಪು. ಚಿತ್ರವಾಗಿ ಪ್ರಸಿದ್ಧವಾದದ್ದು ಎರಡನೆಯದು, ಹೆಚ್ಚು ಬೆಲೆ ಸಿಗುವುದು ಅಪರೂಪದ ಮೊದಲಿನವಕ್ಕೆ. ಸಾವಿರ ಪ್ರತಿಗಳಿದ್ದರೂ ಅದು ಇವತ್ತಿಗೂ ಸುಲಭವಾಗಿ ಮಾರಾಟವಾಗುವ ಚಿತ್ರ ಎಂಬುದನ್ನೂ ಗಮನಿಸಬೇಕು. ಸಂಖ್ಯೆ ಕಡಿಮೆಯಿದ್ದ ಮಾತ್ರಕ್ಕೆ ಬೇಡಿಕೆ ಹುಟ್ಟುವುದಿಲ್ಲ.

ಇಷ್ಟು ದೊಡ್ಡ ಅಂತರವಿರುವಲ್ಲಿ ಮೋಸವೂ ಇರುತ್ತದೆ. ಛಾಯಾಗ್ರಾಹಕ ಲೂಯಿಸ್ ಹೈನ್ ತೀರಿಕೊಂಡದ್ದು 1940ರಲ್ಲಿ. 1990ರ ದಶಕದ ಕೊನೆಯಲ್ಲಿ ಅವನ ಸಹಿ ಅಥವಾ ಮುದ್ರೆಯಿದ್ದ, ವಿಂಟೇಜ್ ಎಂದು ಮಾರಾಟವಾಗಿದ್ದ ಹಲವು ಪ್ರಿಂಟುಗಳನ್ನು ಪರೀಕ್ಷಿಸಿದಾಗ ಕಾಗದದಲ್ಲಿ ಆಪ್ಟಿಕಲ್ ಬ್ರೈಟನರ್ ಸಿಕ್ಕಿತು. ಬಿಳುಪನ್ನು ಹೆಚ್ಚಿಸುವ ಈ ರಾಸಾಯನಿಕ ಫೋಟೋ ಕಾಗದಕ್ಕೆ ಬಂದದ್ದೇ 1950ರ ದಶಕದಲ್ಲಿ. ಈ ಪರೀಕ್ಷೆಯನ್ನು ಕೊಳ್ಳುವವರೇ ಮಾಡಬಹುದು. 365 ನ್ಯಾನೋಮೀಟರಿನ ಅಲ್ಟ್ರಾವಯೊಲೆಟ್ ಟಾರ್ಚ್ ಒಂದು ಬೇಕು, ಕೋಣೆ ಪೂರ್ತಿ ಕತ್ತಲಾಗಿರಬೇಕು. ಪ್ರಿಂಟಿನ ಅಂಚಿನ ಬಿಳಿ ಭಾಗದ ಮೇಲೂ ಹಿಂಬದಿಯ ಮೇಲೂ ಕೆಲವು ಕ್ಷಣ ಬೆಳಕು ಹಾಯಿಸಿ. ಕಾಗದ ನೀಲಿಬಿಳುಪಾಗಿ ಹೊಳೆದರೆ ಅದು 1930ರ ಪ್ರಿಂಟಾಗಿರಲು ಸಾಧ್ಯವಿಲ್ಲ. ಆದರೆ ಹೊಳೆಯದಿದ್ದರೆ ಹಳೆಯದೆಂದು ಅರ್ಥವಲ್ಲ. ಬ್ರೈಟನರ್ ಇಲ್ಲದ ಕಾಗದಗಳು ಆಮೇಲೂ ತಯಾರಾಗಿವೆ. ಸುಳ್ಳನ್ನು ಹಿಡಿಯುವ ಪರೀಕ್ಷೆ ಇದು, ನಿಜವನ್ನು ಸಾಬೀತುಮಾಡುವುದು ಇದರಿಂದ ಆಗುವುದಿಲ್ಲ.

ಮರುಚಿತ್ರಣದ ಮೋಸಕ್ಕೆ ಬೇರೆ ಪರೀಕ್ಷೆ ಇದೆ. ಮೂಲ ಪ್ರಿಂಟನ್ನೇ ಫೋಟೋ ತೆಗೆದು, ಆ ನೆಗೆಟಿವ್‌ನಿಂದ ಹೊಸ ಪ್ರಿಂಟ್ ಹಾಕಿದಾಗ ನೆರಳಿನ ವಿವರಗಳು ಮುಚ್ಚಿಹೋಗುತ್ತವೆ. ಮುಖ್ಯವಾಗಿ, ಮೂಲದ ಮೇಲೆ ಕುಂಚದಿಂದ ಮುಚ್ಚಿದ ಧೂಳಿನ ಚುಕ್ಕೆಗಳು ನಕಲಿನಲ್ಲಿ ಚಿತ್ರದ ಒಳಗೇ ಸೇರಿಕೊಂಡಿರುತ್ತವೆ. ದೀಪವನ್ನು ಓರೆಯಾಗಿ ಹಿಡಿದಾಗ ನಿಜವಾದ ರಿಟಚಿಂಗ್ ಜೆಲಾಟಿನ್ ಮೇಲೆ ಮಂಕು ಮಚ್ಚೆಯಾಗಿ ಬೇರೆಯೇ ಹೊಳಪಿನಲ್ಲಿ ಕಾಣಬೇಕು. ಚುಕ್ಕೆ ಕಾಣುತ್ತಿದೆ, ಆದರೆ ಹೊಳಪಿನಲ್ಲಿ ವ್ಯತ್ಯಾಸವೇ ಇಲ್ಲ ಎಂದಾದರೆ ಕೈಬಿಡುವುದೇ ಒಳ್ಳೆಯದು.

ಪ್ಲಾಟಿನಂ

ಇದರ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ, ಏಕೆಂದರೆ ದೂರುಗಳು ಕಡಿಮೆ. ಜೆಲಾಟಿನ್ ಇಲ್ಲ, ಲೋಹ ನೇರವಾಗಿ ಕಾಗದದ ನಾರಿನಲ್ಲೇ ಕೂತಿರುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ನಾರು ಸ್ಪಷ್ಟವಾಗಿ ಕಾಣುತ್ತದೆ, ಮೇಲ್ಮೈಗೆ ಹೊಳಪೇ ಇರುವುದಿಲ್ಲ. ಲೋಹ ಮಾಸುವುದಿಲ್ಲ, ಕೆಟ್ಟರೆ ಕಾಗದ ಕೆಡಬೇಕು. ಹಳೆಯ ಪ್ಲಾಟಿನಂ ಪ್ರಿಂಟಿಗೆ ಎದುರಾಗಿ ದಶಕಗಟ್ಟಲೆ ಒತ್ತಿಕೊಂಡಿದ್ದ ಹಾಳೆಯ ಮೇಲೆ ಚಿತ್ರದ ಮಸುಕಾದ ನೆರಳು ಮೂಡಿರುತ್ತದೆ. ಪ್ಲಾಟಿನಂ ಪಕ್ಕದ ಕಾಗದದ ಕ್ಷಯವನ್ನು ಚುರುಕುಗೊಳಿಸುವುದರಿಂದ ಹೀಗಾಗುತ್ತದೆ, ಮತ್ತು ಆ ನೆರಳು ಪ್ರಿಂಟಿನ ಪರವಾಗಿ ಒಳ್ಳೆಯ ಸಾಕ್ಷಿ.

ಇಂದು ತಯಾರಾಗುವ ಪ್ಲಾಟಿನಂ ಪ್ರಿಂಟುಗಳ ವಿಷಯದಲ್ಲಿ ಒಂದು ಸಂಗತಿ ತಿಳಿದಿರಲಿ. ಅವುಗಳಲ್ಲಿ ಬಹುಪಾಲಿಗೆ ಬಳಸುವ ನೆಗೆಟಿವ್ ಇಂಕ್‌ಜೆಟ್ ಪ್ರಿಂಟರಿನಲ್ಲಿ ಪಾರದರ್ಶಕ ಫಿಲ್ಮಿನ ಮೇಲೆ ಹಾಕಿದ್ದು. ಪ್ಲಾಟಿನಂ ವಿಧಾನಕ್ಕೆ ಪ್ರಿಂಟಿನಷ್ಟೇ ದೊಡ್ಡ ನೆಗೆಟಿವ್ ಬೇಕಾಗುವುದರಿಂದ ಇದು ಸಹಜ, ಇದರಲ್ಲಿ ಮೋಸವೇನಿಲ್ಲ. ಮಾರುಕಟ್ಟೆಯೂ ಇದಕ್ಕಾಗಿ ಬೆಲೆ ಕಡಿಮೆ ಮಾಡಿಲ್ಲ. ಸಂಪೂರ್ಣ ಡಿಜಿಟಲ್ ಕಡತದಿಂದ ಹುಟ್ಟಿದ ಚಿತ್ರವನ್ನು ಸಾಂಪ್ರದಾಯಿಕ ಎಂದೇ ಒಪ್ಪಿಕೊಂಡು ಕೊಳ್ಳುವ ಇದೇ ಸಂಗ್ರಾಹಕರು ಪಿಗ್ಮೆಂಟ್ ಪ್ರಿಂಟಿನ ಮುಂದೆ ಮುಖ ತಿರುಗಿಸುವುದು ನಮಗೆ ಅಸಂಗತವಾಗಿ ಕಾಣುತ್ತದೆ.

ಸಿ-ಪ್ರಿಂಟ್

ಕೊಳ್ಳುವವರು ಹೆಚ್ಚು ಎಚ್ಚರದಿಂದ ಇರಬೇಕಾದದ್ದು ಇಲ್ಲಿ. ವಿಚಿತ್ರವೆಂದರೆ ಮಾರುಕಟ್ಟೆ ಕಣ್ಣುಮುಚ್ಚಿ ಹಣ ಸುರಿದದ್ದೂ ಇಲ್ಲಿಯೇ. ಕ್ರೋಮೊಜೆನಿಕ್ ಕಾಗದದಲ್ಲಿ ಸಯಾನ್, ಮಜೆಂಟಾ, ಹಳದಿ ವರ್ಣಗಳು ಸಂಸ್ಕರಣೆಯ ಹೊತ್ತಿನಲ್ಲಿ ಪದರಗಳಲ್ಲೇ ಹುಟ್ಟುತ್ತವೆ. ಕೊನೆಯಲ್ಲಿ ಬೆಳ್ಳಿ ಪೂರ್ತಿ ತೊಳೆದುಹೋಗುತ್ತದೆ, ಉಳಿಯುವುದು ಸಾವಯವ ವರ್ಣ ಮಾತ್ರ. ಅದು ಬೆಳಕಿಗೂ ಸೋಲುತ್ತದೆ, ಕತ್ತಲಿನಲ್ಲೂ ಸೋಲುತ್ತದೆ. 1970ರ ದಶಕದ ಎಷ್ಟೋ ಪ್ರಿಂಟುಗಳು ಪೆಟ್ಟಿಗೆಯೊಳಗೇ ಸಯಾನ್ ಕಳೆದುಕೊಂಡು ಕೆಂಪಾಗಿವೆ. ಬೆಳಕಿನಲ್ಲಿ ತೂಗಿದ್ದರೆ ಮಜೆಂಟಾ ಮೊದಲು ಹೋಗುತ್ತದೆ. ಆಮೇಲಿನ ಕಾಗದಗಳು ಬಹಳ ಸುಧಾರಿಸಿವೆ, ಆದರೂ ಸ್ವಭಾವ ಅದೇ.

ಇದನ್ನು ಸಾಂಪ್ರದಾಯಿಕ ಪ್ರಿಂಟ್ ಎಂದು ಎಣಿಸುವ ರೂಢಿಯಿದೆ. ಆದರೆ 1990ರ ದಶಕದ ನಡುವಿನಿಂದ ಲ್ಯಾಂಬ್ಡಾ, ಲೈಟ್‌ಜೆಟ್‌ನಂಥ ಯಂತ್ರಗಳು ಬಂದವು. ಅವು ಡಿಜಿಟಲ್ ಕಡತವನ್ನು ಕೆಂಪು, ಹಸಿರು, ನೀಲಿ ಲೇಸರಿನಿಂದ ಇದೇ ಕಾಗದದ ಮೇಲೆ ಬರೆಯುತ್ತವೆ. ಆಮೇಲಿನ ಸಂಸ್ಕರಣೆ ಎರಡಕ್ಕೂ ಒಂದೇ. ನೆಗೆಟಿವನ್ನು ದೊಡ್ಡದಾಗಿಸಿ ಕಾಗದದ ಮೇಲೆ ಬೀಳಿಸುವ ಎನ್‌ಲಾರ್ಜರಿನಿಂದ ಬಂದದ್ದಕ್ಕೂ ಲೇಸರಿನಿಂದ ಬಂದದ್ದಕ್ಕೂ ಚೀಟಿಯ ಮೇಲೆ ಬರೆಯುವುದು ಸಿ-ಪ್ರಿಂಟ್ ಎಂದೇ. ಲೂಪ್ (ಚಿಕ್ಕ ಭೂತಗನ್ನಡಿ) ಇಟ್ಟು ನೋಡಿದರೂ ಸುಲಭಕ್ಕೆ ತಿಳಿಯುವುದಿಲ್ಲ. ಫಿಲ್ಮಿನ ಗ್ರೇನ್ (ಕಾಣುವ ಕಣಗಳು) ಅಂಚಿನಿಂದ ಅಂಚಿಗೆ ಒಂದೇ ಚೂಪಿನಲ್ಲಿದ್ದರೆ ಲೇಸರ್ ಇರಬಹುದು, ಎನ್‌ಲಾರ್ಜರಿನಲ್ಲಿ ಮೂಲೆಗಳು ತುಸು ಮೆತ್ತಗಾಗುವುದು ಸಾಮಾನ್ಯ; ಆದರೆ ಇದೊಂದರ ಮೇಲೆ ತೀರ್ಪು ಕೊಡಬಾರದು. ಮಾರುಕಟ್ಟೆ ಈ ವ್ಯತ್ಯಾಸಕ್ಕೆ ಬೆಲೆ ಕಟ್ಟುವುದನ್ನು ಬಹುತೇಕ ಬಿಟ್ಟಿದೆ.

ದೊಡ್ಡ ಸಿ-ಪ್ರಿಂಟುಗಳಲ್ಲಿ ನಿಜವಾದ ಅಪಾಯ ಅಂಟಿಸಿರುವ ರೀತಿಯಲ್ಲಿದೆ. ಡಯಾಸೆಕ್ ವಿಧಾನದಲ್ಲಿ ಪ್ರಿಂಟಿನ ಮುಖವನ್ನು ಸಿಲಿಕೋನಿನಿಂದ ಅಕ್ರಿಲಿಕ್ ಹಾಳೆಗೆ ಶಾಶ್ವತವಾಗಿ ಅಂಟಿಸುತ್ತಾರೆ. ಬಣ್ಣ ಆಳವಾಗಿ ಕಾಣುತ್ತದೆ, ದೊಡ್ಡ ಹಾಳೆ ಸುಕ್ಕಿಲ್ಲದೆ ನಿಲ್ಲುತ್ತದೆ. ಆದರೆ ಅಕ್ರಿಲಿಕ್ಕಿನ ಮೇಲೆ ಒಂದು ಗೀರು ಬಿದ್ದರೆ ಅದು ಚಿತ್ರದ ಮೇಲಿನ ಗೀರೇ. ಬೇರ್ಪಡಿಸಿ ಹೊಸದು ಹಾಕಲಾಗುವುದಿಲ್ಲ. ಪಾಲಿಶ್ ಮಾಡಿ ತೆಳುಗೀರುಗಳನ್ನು ತೆಗೆಯಬಹುದು, ಉಗುರಿಗೆ ಸಿಕ್ಕುವ ಆಳದ ಗೀರು ಹೋಗುವುದಿಲ್ಲ. ಮೂಲೆಗಳಲ್ಲಿ ಅಂಟು ಬಿಟ್ಟು ಬೆಳ್ಳಗಿನ ಗುಳ್ಳೆಗಳಾಗಿವೆಯೇ ಎಂದು ನೋಡಲೇಬೇಕು. ಶುಚಿಮಾಡಲು ಅಮೋನಿಯಾ ಇರುವ ಗಾಜಿನ ದ್ರಾವಣ ಬಳಸಿದ್ದರೆ ಅಕ್ರಿಲಿಕ್ ಮಸುಕಾಗಿರುತ್ತದೆ. ಹರಾಜಿಗೆ ಮೊದಲು ಸ್ಥಿತಿ ವರದಿ ಕೇಳಿ, ಅದರಲ್ಲಿ ಓರೆಬೆಳಕಿನ ಫೋಟೋ ಇಲ್ಲದಿದ್ದರೆ ಮತ್ತೊಮ್ಮೆ ಕೇಳಿ.

ಡೈ ಟ್ರಾನ್ಸ್‌ಫರ್, ಸಿಬಾಕ್ರೋಮ್ ಎಂಬ ಇನ್ನೆರಡು ಬಣ್ಣದ ವಿಧಾನಗಳು ಈಗ ಬದುಕಿಲ್ಲ. ಮೊದಲನೆಯದಕ್ಕೆ ಬೇಕಾದ ಸಾಮಗ್ರಿಯನ್ನು ಕೊಡಾಕ್ 1990ರ ದಶಕದಲ್ಲಿ ನಿಲ್ಲಿಸಿತು. ಎರಡನೆಯದರ ಕಾಗದ 2010ರ ನಂತರದ ಕೆಲವೇ ವರ್ಷಗಳಲ್ಲಿ ಮುಗಿಯಿತು. ಹಾಗಾಗಿ ಇವುಗಳ ಎಡಿಷನ್‌ಗೆ ಬೀಗ ಹಾಕಿದ್ದು ಕಲಾವಿದರ ಮಾತಲ್ಲ, ಕಾರ್ಖಾನೆ. ಇನ್ನೊಂದು ಪ್ರತಿ ಮಾಡುವುದು ಅಸಾಧ್ಯ ಎಂಬ ಖಾತ್ರಿಗೆ ಮಾರುಕಟ್ಟೆ ಸಂತೋಷದಿಂದ ಹಣ ಕೊಡುತ್ತದೆ.

ಪಿಗ್ಮೆಂಟ್ ಇಂಕ್‌ಜೆಟ್

ಈ ಸರಕಿನ ಮೇಲಿನ ಅನುಮಾನಕ್ಕೆ ಇತಿಹಾಸವಿದೆ. 1991ರಲ್ಲಿ ಸಂಗೀತಗಾರ ಗ್ರಹಾಂ ನ್ಯಾಶ್ ಸ್ಥಾಪಿಸಿದ ನ್ಯಾಶ್ ಎಡಿಷನ್ಸ್, ಮುದ್ರಣೋದ್ಯಮಕ್ಕೆಂದು ಮಾಡಿದ್ದ ಐರಿಸ್ ಪ್ರಿಂಟರನ್ನು ಕಲಾ ಮುದ್ರಣಕ್ಕೆ ಒಗ್ಗಿಸಿತು. ಅದೇ ವರ್ಷ ಅಲ್ಲಿ ಕೆಲಸ ಮಾಡುತ್ತಿದ್ದ ಜ್ಯಾಕ್ ಡುಗಾನ್ 'ಜಿಕ್ಲೇ' ಎಂಬ ಫ್ರೆಂಚ್ ಹೆಸರು ಕೊಟ್ಟ. ಪ್ರಿಂಟುಗಳು ನೋಡಲು ಅದ್ಭುತವಾಗಿದ್ದವು. ಆದರೆ ಮೊದಲ ಕಾಲದ ಶಾಯಿ ನೀರಿನಲ್ಲಿ ಕರಗುವ ಡೈ ಆಗಿದ್ದುದರಿಂದ ಬೆಳಕಿನಲ್ಲಿ ಬೇಗ ಮಾಸಿತು, ಒಂದು ಹನಿ ನೀರಿಗೆ ಹರಡಿತು. 2000ದ ಸುಮಾರಿಗೆ ಪಿಗ್ಮೆಂಟ್ ಶಾಯಿಗಳು ಬಂದ ಮೇಲೆ ಈ ದೂರು ಅರ್ಥ ಕಳೆದುಕೊಂಡಿತು. ಡೈಯಲ್ಲಿ ಬಣ್ಣ ದ್ರಾವಣವಾಗಿರುತ್ತದೆ, ಪಿಗ್ಮೆಂಟಿನಲ್ಲಿ ಘನ ಕಣವಾಗಿ ಕೂರುತ್ತದೆ. ಕಣದ ಹೊರಪದರ ಮಾಸಿದರೂ ಒಳಗಿನದು ಉಳಿಯುತ್ತದೆ. ಒಳ್ಳೆಯ ಹತ್ತಿಕಾಗದದ ಮೇಲಿನ ಪಿಗ್ಮೆಂಟ್ ಪ್ರಿಂಟ್ ಬೆಳಕಿನ ಪರೀಕ್ಷೆಗಳಲ್ಲಿ ಸಿ-ಪ್ರಿಂಟನ್ನು ಹಿಂದೆ ಹಾಕುತ್ತದೆ. ಬಣ್ಣದ ಬಾಳಿಕೆ ಒಂದನ್ನೇ ನೋಡಿ ಬೆಲೆ ಕಟ್ಟುವುದಾದರೆ ಇಂಕ್‌ಜೆಟ್ಟಿಗೆ ಹೆಚ್ಚು ಸಿಗಬೇಕಿತ್ತು.

'ಇನ್ನೂರು ವರ್ಷ ಬಾಳುತ್ತದೆ' ಎಂಬ ಚೀಟಿಯನ್ನು ಮಾತ್ರ ಇದ್ದಂತೆ ನಂಬಬೇಡಿ. ಪ್ರಿಂಟುಗಳ ಬಾಳಿಕೆಯನ್ನು ಪರೀಕ್ಷಿಸುವ ವಿಲ್ಹೆಲ್ಮ್ ಇಮೇಜಿಂಗ್ ರಿಸರ್ಚ್ ಸಂಸ್ಥೆ ಕೊಡುವ ಅಂಕಿಗಳು ದಿನಕ್ಕೆ 12 ಗಂಟೆ 450 ಲಕ್ಸ್ ಬೆಳಕು ಎಂಬ ಊಹೆಯ ಮೇಲೆ, ತೀಕ್ಷ್ಣ ಬೆಳಕಿನಲ್ಲಿ ವೇಗವಾಗಿ ಪರೀಕ್ಷಿಸಿ ಲೆಕ್ಕ ಹಾಕಿದವು. ಆ ಅಂಕಿ ನಿರ್ದಿಷ್ಟ ಶಾಯಿ, ನಿರ್ದಿಷ್ಟ ಕಾಗದ, ನಿರ್ದಿಷ್ಟ ಗಾಜು ಮೂರೂ ಸೇರಿದ ಜೋಡಣೆಗೆ ಮಾತ್ರ ಅನ್ವಯ. ಕಾಗದ ಬದಲಾದರೆ ಅಂಕಿಯೂ ಬದಲಾಗುತ್ತದೆ. ಕಾಗದದಲ್ಲಿ ಬ್ರೈಟನರ್ ಇದ್ದರೆ ಶಾಯಿ ಗಟ್ಟಿಯಾಗಿ ಉಳಿದರೂ ಬಿಳಿ ಭಾಗ ನಿಧಾನಕ್ಕೆ ಹಳದಿಯತ್ತ ಜಾರುತ್ತದೆ.

ಕೆಡುವ ಬಗೆಗಳು ಬೇರೆಯೇ ಇವೆ. ಮ್ಯಾಟ್ ಕಾಗದದ ಮೇಲಿನ ಕಪ್ಪು ಬಹಳ ಸೂಕ್ಷ್ಮ. ಇನ್ನೊಂದು ಹಾಳೆ ಉಜ್ಜಿದರೆ, ಒಣ ಬಟ್ಟೆ ತಾಗಿದರೆ ಬೂದು ಗೆರೆ ಬೀಳುತ್ತದೆ, ಅದನ್ನು ಸರಿಪಡಿಸುವ ದಾರಿಯಿಲ್ಲ. ಬರೈಟಾ ಮಾದರಿಯ ಹೊಳಪಿನ ಕಾಗದದಲ್ಲಿ ಶಾಯಿ ಹಿಡಿಯುವ ಲೇಪನ ಪೆಡಸು. ಬಿಗಿಯಾಗಿ ಸುತ್ತಿ ಕೊಳವೆಯಲ್ಲಿ ಕಳಿಸಿದರೆ ಅಂಚಿನಲ್ಲಿ ಬಿರುಕು ಬಿಟ್ಟು ಉದುರುತ್ತದೆ. ಆದ್ದರಿಂದ ಸಾಧ್ಯವಾದಷ್ಟೂ ಚಪ್ಪಟೆಯಾಗಿಯೇ ತರಿಸಿಕೊಳ್ಳಿ. ಪ್ರಿಂಟ್ ಹಾಕಿದ ತಕ್ಷಣ ಫ್ರೇಮ್ ಮಾಡಿದರೆ ಶಾಯಿಯಲ್ಲಿನ ಗ್ಲೈಕಾಲ್ ಆವಿಯಾಗಿ ಗಾಜಿನ ಒಳಬದಿಗೆ ಮಂಜಿನಂತೆ ಕೂರುತ್ತದೆ. ಒಂದು ದಿನವಾದರೂ ಹೀರುಕಾಗದದ ಕೆಳಗಿಟ್ಟು ಆಮೇಲೆ ಫ್ರೇಮ್ ಮಾಡಬೇಕು. ಮಂಜು ಈಗಾಗಲೇ ಕೂತಿದ್ದರೆ ಗಾಜನ್ನು ಒರೆಸಿದರೆ ಹೋಗುತ್ತದೆ, ಪ್ರಿಂಟಿಗೆ ಹಾನಿಯಿಲ್ಲ.

ಗುರುತಿಸುವುದು ಸುಲಭ. 10 ಪಟ್ಟು ಲೂಪ್ ಸಾಕಾಗಬಹುದು, 30 ಪಟ್ಟಿನದಾದರೆ ಸಂದೇಹವೇ ಉಳಿಯುವುದಿಲ್ಲ. ಕಪ್ಪು ಭಾಗ ಬಿಟ್ಟು ಆಕಾಶ, ಚರ್ಮ, ಮಂಜಿನಂಥ ತೆಳುಬೂದು ಭಾಗವನ್ನು ನೋಡಿ. ಇಂಕ್‌ಜೆಟ್ಟಿನಲ್ಲಿ ಚುಕ್ಕೆಗಳು ಚದುರಿರುತ್ತವೆ. ಕಪ್ಪುಬಿಳುಪು ಚಿತ್ರದಲ್ಲೂ ಎಷ್ಟೋ ಬಾರಿ ಸಯಾನ್, ಮಜೆಂಟಾ ಚುಕ್ಕೆಗಳು ಇಣುಕುತ್ತವೆ. ಸಿ-ಪ್ರಿಂಟಿನಲ್ಲೂ ಬೆಳ್ಳಿ ಪ್ರಿಂಟಿನಲ್ಲೂ ಅಂಥ ಚುಕ್ಕೆಯಿಲ್ಲ, ಬಣ್ಣ ಮೋಡದಂತೆ ಹರಡಿರುತ್ತದೆ. ಹೊಳಪಿನ ಕಾಗದವಾದರೆ ಓರೆಯಾಗಿ ನೋಡಿ: ಶಾಯಿ ಬಿದ್ದಿಲ್ಲದ ಬಿಳಿ ಭಾಗಕ್ಕೂ ಕಪ್ಪಿಗೂ ಹೊಳಪು ಬೇರೆಯಾಗಿದ್ದರೆ ಅದು ಇಂಕ್‌ಜೆಟ್. 'ಆರ್ಕೈವಲ್ ಪಿಗ್ಮೆಂಟ್', 'ಜಿಕ್ಲೇ', 'ಕಾರ್ಬನ್ ಪಿಗ್ಮೆಂಟ್' ಎಂದು ಗ್ಯಾಲರಿಗಳು ಏನೇ ಬರೆಯಲಿ, ಮ್ಯೂಸಿಯಂನವರು ಇಂಕ್‌ಜೆಟ್ ಪ್ರಿಂಟ್ ಎಂದೇ ದಾಖಲಿಸುತ್ತಾರೆ. ಆ ಪದ ಬರೆಯಲು ಹಿಂಜರಿಯದ ಗ್ಯಾಲರಿಯ ಮೇಲೆ ನಮಗೆ ಹೆಚ್ಚು ನಂಬಿಕೆ.

ಹಾಗಾದರೆ ಮರುಮಾರಾಟದಲ್ಲಿ ಏಕೆ ಹಿಂದೆ ಬೀಳುತ್ತದೆ? ಡಾರ್ಕ್‌ರೂಮಿನಲ್ಲಿ ಇಪ್ಪತ್ತು ಪ್ರಿಂಟ್ ಹಾಕುವವರ ಕೈ ಸೋಲುತ್ತದೆ, ರಾಸಾಯನಿಕ ದಣಿಯುತ್ತದೆ, ಒಂದೊಂದು ಪ್ರತಿಯಲ್ಲೂ ಡಾಡ್ಜಿಂಗ್, ಬರ್ನಿಂಗ್ (ಬೆಳಕನ್ನು ಅಲ್ಲಲ್ಲಿ ತಡೆಯುವುದು, ಅಲ್ಲಲ್ಲಿ ಹೆಚ್ಚು ಕೊಡುವುದು) ತುಸು ಬೇರೆಯಾಗುತ್ತದೆ. ಎಣಿಕೆಗೆ ಒಂದು ಸಹಜ ಮಿತಿ ತಾನಾಗಿಯೇ ಬೀಳುತ್ತದೆ. ಕಡತಕ್ಕೆ ಆ ಮಿತಿಯಿಲ್ಲ. ಹತ್ತನೆಯ ಪ್ರತಿಯೂ ಸಾವಿರದ ಹತ್ತನೆಯ ಪ್ರತಿಯೂ ಒಂದೇ. ಹಾಗಾಗಿ ಕೊಳ್ಳುವವರ ಕೈಯಲ್ಲಿ ಉಳಿಯುವುದು ಕಲಾವಿದರ ಮಾತು, ಆ ಮಾತನ್ನು ಬರೆದಿಟ್ಟ ಕಾಗದ. ಆ ಕಾಗದ ದುರ್ಬಲವಾಗಿದ್ದಷ್ಟೂ ಬೆಲೆ ದುರ್ಬಲ.

ಈ ಮಾತಿನ ತೂಕ ಎಷ್ಟು ಎಂಬುದು ಛಾಯಾಗ್ರಾಹಕ ವಿಲಿಯಂ ಎಗಲ್‌ಸ್ಟನ್ ಪ್ರಕರಣದಲ್ಲಿ ಬಯಲಾಯಿತು. 2012ರ ಮಾರ್ಚಿನಲ್ಲಿ ಅವನ ಹಳೆಯ ಚಿತ್ರಗಳ 36 ಹೊಸ ಪಿಗ್ಮೆಂಟ್ ಪ್ರಿಂಟುಗಳು ಕ್ರಿಸ್ಟೀಸ್‌ನಲ್ಲಿ 59 ಲಕ್ಷ ಡಾಲರಿಗೆ ಮಾರಾಟವಾದವು. ಮೂರು ಗಾಲಿ ಸೈಕಲಿನ ಪ್ರಸಿದ್ಧ ಚಿತ್ರವೊಂದೇ 5,78,500 ಡಾಲರಿಗೆ ಹೋಯಿತು. ಈ ಚಿತ್ರಗಳ ಡೈ ಟ್ರಾನ್ಸ್‌ಫರ್ ಎಡಿಷನ್‌ಗಳನ್ನು ಮೊದಲೇ ಕೊಂಡಿದ್ದ ಒಬ್ಬ ಸಂಗ್ರಾಹಕ ನ್ಯಾಯಾಲಯಕ್ಕೆ ಹೋದ: ಸೀಮಿತ ಎಂದು ಮಾರಿದ ಚಿತ್ರವನ್ನು ಮತ್ತೆ ಮುದ್ರಿಸಿದ್ದರಿಂದ ತನ್ನ ಪ್ರತಿಗಳ ಬೆಲೆ ಇಳಿಯುತ್ತದೆ ಎಂಬುದು ವಾದ. 2013ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯ ದಾವೆಯನ್ನು ತಳ್ಳಿಹಾಕಿತು. ಹೊಸ ಪ್ರಿಂಟುಗಳು ಬಹಳ ದೊಡ್ಡವು, ವಿಧಾನವೂ ಬೇರೆ, ಆದ್ದರಿಂದ ಅದು ಬೇರೆಯೇ ಎಡಿಷನ್ ಎಂಬುದು ತೀರ್ಪಿನ ಸಾರ.

ಕೊಳ್ಳುವವರಿಗೆ ಇದರಲ್ಲಿ ಎರಡು ಮಾಹಿತಿಯಿದೆ. ಒಂದು, ದೊಡ್ಡ ಹೆಸರಿದ್ದರೆ, ಪ್ರತಿಗಳು ಕಡಿಮೆಯಿದ್ದರೆ ಇಂಕ್‌ಜೆಟ್ಟಿಗೂ ಬೇಕಾದಷ್ಟು ಹಣ ಬರುತ್ತದೆ. ಎರಡು, 'ಎಡಿಷನ್ 20' ಎಂದು ಬರೆದಿದ್ದರೆ ಅದು ಆ ಅಳತೆಗೆ, ಆ ವಿಧಾನಕ್ಕೆ ಮಾತ್ರ ಬದ್ಧವಾದ ಮಾತು. ಚಿತ್ರಕ್ಕೇ ಬದ್ಧವಾಗಬೇಕೆಂದರೆ ಹಾಗೆಂದು ಬರೆಸಿಕೊಳ್ಳಬೇಕು. ಮೂರು ಅಳತೆಯಲ್ಲಿ ತಲಾ 10 ಪ್ರತಿ, ಪ್ರತಿ ಅಳತೆಗೆ 2 ಆರ್ಟಿಸ್ಟ್ ಪ್ರೂಫ್ (ಎಡಿಷನ್ ಲೆಕ್ಕಕ್ಕೆ ಹೊರಗೆ ಕಲಾವಿದರು ಇಟ್ಟುಕೊಳ್ಳುವ ಪ್ರತಿ) ಎಂದರೆ ಒಟ್ಟು 36 ಹಾಳೆಗಳು ಜಗತ್ತಿನಲ್ಲಿವೆ ಎಂದರ್ಥ, 10 ಎಂದಲ್ಲ. ಐರೋಪ್ಯ ಒಕ್ಕೂಟದ ವ್ಯಾಟ್ ನಿಯಮ ಈ ವಿಷಯದಲ್ಲಿ ಹೆಚ್ಚು ಸ್ಪಷ್ಟ: ಕಲಾವಿದರೇ ಅಥವಾ ಅವರ ಮೇಲ್ವಿಚಾರಣೆಯಲ್ಲಿ ಮುದ್ರಿಸಿ, ಸಹಿ ಮತ್ತು ಕ್ರಮಸಂಖ್ಯೆ ಹಾಕಿ, ಎಲ್ಲ ಅಳತೆಗಳೂ ಸೇರಿ 30 ಪ್ರತಿ ಮೀರದಿದ್ದರೆ ಮಾತ್ರ ಫೋಟೋ ಕಲಾಕೃತಿ. ಬೆಳ್ಳಿಯೋ ಶಾಯಿಯೋ ಎಂದು ಆ ನಿಯಮ ಕೇಳುವುದೇ ಇಲ್ಲ. ನಮ್ಮ ಮಟ್ಟಿಗೆ ಅದೇ ಸರಿಯಾದ ಅಳತೆಗೋಲು.

ಗ್ಯಾಲರಿಗಳು ಎಡಿಷನ್ ಖಾಲಿಯಾದಂತೆ ಬೆಲೆ ಏರಿಸುತ್ತವೆ. ಹತ್ತರ ಎಡಿಷನ್‌ನಲ್ಲಿ, ಉದಾಹರಣೆಗೆ, ಮೊದಲ ಮೂರು ಮೂಲಬೆಲೆಗೆ, ಮುಂದಿನ ಮೂರು ಕಾಲು ಭಾಗ ಹೆಚ್ಚಿಗೆ, ಕೊನೆಯ ಒಂದೆರಡು ದುಪ್ಪಟ್ಟಿಗೆ. ಏಳನೆಯ ಪ್ರತಿಗೂ ಎರಡನೆಯ ಪ್ರತಿಗೂ ಗುಣದಲ್ಲಿ ವ್ಯತ್ಯಾಸವಿಲ್ಲ, ಮರುಮಾರಾಟದಲ್ಲಿ ಆ ಹೆಚ್ಚುವರಿ ಹಣ ವಾಪಸ್ ಬರುವ ಭರವಸೆಯೂ ಇಲ್ಲ. ಹೊಸ ಕಲಾವಿದರ ಪಿಗ್ಮೆಂಟ್ ಪ್ರಿಂಟ್ ಕೊಳ್ಳುವುದಿದ್ದರೆ ಎಡಿಷನ್‌ನ ಆರಂಭದಲ್ಲೇ ಕೊಳ್ಳಿ.

ಕಾಗದಪತ್ರದಲ್ಲಿ ಇರಬೇಕಾದದ್ದು ಇಷ್ಟು: ಚಿತ್ರ ತೆಗೆದ ವರ್ಷ ಮತ್ತು ಪ್ರಿಂಟ್ ಹಾಕಿದ ವರ್ಷ ಬೇರೆಬೇರೆಯಾಗಿ, ವಿಧಾನದ ಸರಳ ಹೆಸರು, ಕಾಗದದ ತಯಾರಕರು ಮತ್ತು ಮಾದರಿ, ಶಾಯಿಯ ಹೆಸರು, ಚಿತ್ರದ ಅಳತೆ ಮತ್ತು ಹಾಳೆಯ ಅಳತೆ, ಕ್ರಮಸಂಖ್ಯೆ, ಪ್ರೂಫ್‌ಗಳ ಸಂಖ್ಯೆ, ಬೇರೆ ಅಳತೆಗಳಲ್ಲಿ ಎಷ್ಟಿವೆ, ಮುಂದೆ ಮಾಡುವುದಿಲ್ಲ ಎಂಬ ಮಾತು, ಸಹಿ. ಸಹಿ ಪ್ರಮಾಣಪತ್ರದ ಮೇಲೆ ಮಾತ್ರವಿದ್ದು ಹಾಳೆಯ ಮೇಲೆ ಇಲ್ಲದಿದ್ದರೆ ಎರಡೂ ಒಂದಕ್ಕೊಂದು ಸೇರಿದವೆಂದು ತೋರಿಸುವ ಕ್ರಮಸಂಖ್ಯೆ ಹಾಳೆಯ ಹಿಂದೆಯೂ ಇರಬೇಕು. ಕಲಾವಿದರು ತೀರಿಕೊಂಡ ಮೇಲೆ ಕುಟುಂಬದವರು ಹಾಕಿಸಿದ ಪ್ರಿಂಟಾದರೆ ಎಸ್ಟೇಟ್ ಮುದ್ರೆ ಇರುತ್ತದೆ. ಅದರ ಬೆಲೆ ಬಹಳ ಕೆಳಗೆ, ಮತ್ತು ಹಾಗೆಯೇ ಇರಬೇಕು.

ಬಣ್ಣದ ಪ್ರಿಂಟಿಗೆ ಇನ್ನೊಂದು ಸಾಲು ಸೇರಿಸಿಕೊಳ್ಳಿ: ಮಾಸಿದರೆ ಅಥವಾ ಹಾಳಾದರೆ ಬದಲಿ ಪ್ರಿಂಟ್ ಕೊಡುತ್ತಾರೆಯೇ, ಯಾರ ಖರ್ಚಿನಲ್ಲಿ. ಕೊಡುವುದಾದರೆ ಹಳೆಯ ಹಾಳೆಯನ್ನು ವಾಪಸ್ ಪಡೆದು ನಾಶಪಡಿಸಿ, ಅದೇ ಕ್ರಮಸಂಖ್ಯೆಯನ್ನು ಹೊಸದಕ್ಕೆ ಹಾಕಿ, ಹೊಸ ಮುದ್ರಣದ ವರ್ಷವನ್ನೂ ನಾಶಪಡಿಸಿದ ದಾಖಲೆಯನ್ನೂ ಬರೆದು ಕೊಡಬೇಕು. ಸಿ-ಪ್ರಿಂಟಿನ ಬದಲಿಯನ್ನು ಇಂಕ್‌ಜೆಟ್ಟಿನಲ್ಲಿ ಕೊಡುವುದಾದರೆ ಅದನ್ನೂ ಮೊದಲೇ ತಿಳಿಸಬೇಕು. ಹಳೆಯದು ನಾಶವಾಗದೆ ಹೊಸದೂ ಹೊರಬಂದರೆ ಒಂದೇ ಸಂಖ್ಯೆಯ ಎರಡು ಪ್ರತಿಗಳು ಮಾರುಕಟ್ಟೆಯಲ್ಲಿರುತ್ತವೆ, ಆಗ ಹರಾಜಿನವರು ಎರಡನ್ನೂ ಮುಟ್ಟಲು ಹಿಂಜರಿಯುತ್ತಾರೆ. ಈ ಷರತ್ತುಗಳನ್ನು ಕೊಳ್ಳುವ ದಿನವೇ ಬಿಲ್ಲಿನ ಮೇಲೆ ಬರೆಸಿಕೊಳ್ಳಿ, ಹತ್ತು ವರ್ಷದ ಮೇಲೆ ಕೇಳಲು ಆ ಗ್ಯಾಲರಿ ಇರುತ್ತದೆಂಬ ಖಾತ್ರಿಯಿಲ್ಲ.